ಸತ್ತವರ ಕೈ, ಊರಿನ ಹುಂಡಿ: ಕಮ್ಯುನಿಟಿ ಫೌಂಡೇಶನ್ ಅಂದರೇನು, ನಮ್ಮಲ್ಲಿ ಯಾಕೆ ಬೆಳೆಯಲಿಲ್ಲ?

2022ರಲ್ಲಿ ನಮ್ಮ ಇಂಜಿನಿಯರಿಂಗ್ ಬ್ಯಾಚಿನ ಗೆಳೆಯನೊಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡ. ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಕೈ ಮುಗಿಯುವ ಎಮೋಜಿಗಳು. ನಾಲ್ಕನೇ ದಿನ ಯಾರೋ ಒಂದು ಯುಪಿಐ ನಂಬರ್ ಹಾಕಿದರು. ಒಂದೇ ತಿಂಗಳಲ್ಲಿ 4,12,000 ರೂಪಾಯಿ ಸೇರಿತು. ಹಣ ತಗೊಂಡು ತುಮಕೂರು ಜಿಲ್ಲೆಯ ಅವನ ಹಳ್ಳಿಗೆ ಹೋದಾಗ ಅವನ ಅಮ್ಮ ಮುಟ್ಟಲೇ ಇಲ್ಲ. "ನನಗೆ ಬೇಡ ಕಣ್ರಪ್ಪ. ಅವನ ಹೆಸರಲ್ಲಿ ನಮ್ಮೂರ ಮಕ್ಕಳಿಗೆ ಏನಾದ್ರೂ ಆಗ್ಲಿ" ಅಂದರು.

ಸುಲಭದ ಕೆಲಸ ಅನ್ನಿಸಿತ್ತು. ಆ ಹಳ್ಳಿಯಿಂದ ಪಿಯುಸಿಗೆ ತಾಲೂಕು ಕೇಂದ್ರಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ ಪಾಸ್ ಕೊಡಿಸೋಣ ಅಂತ ತೀರ್ಮಾನಿಸಿದೆವು. ಟ್ರಸ್ಟ್ ಡೀಡಿನ ಕರಡೂ ಸಿದ್ಧವಾಯಿತು. ಅದನ್ನು ನೋಂದಣಿ ಮಾಡಿಸೋದಾ, ಬೇಡವಾ ಅಂತ ಚರ್ಚೆ ಮಾಡುತ್ತಲೇ ಒಂದು ವರ್ಷ ಕಳೆಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ನಾವು ಆ ಡೀಡಿಗೆ ಸಹಿ ಹಾಕಿದ್ದಿದ್ದರೆ, ಗೆಳೆಯನ ಹೆಸರಿನ ಹಣ ಯಾರಿಗೂ ಬೇಡದ ಬಸ್ ಪಾಸಿಗಾಗಿ ಕಾಯುತ್ತಾ ಕೂತಿರುತ್ತಿತ್ತು.

ಸೋಮಾರಿತನ ನಮ್ಮನ್ನು ಉಳಿಸಿತು. ಆದರೆ ಪ್ರಶ್ನೆ ಉಳಿಯಿತು: ನಾಲ್ಕು ಲಕ್ಷದಂಥ ಸಣ್ಣ ಮೊತ್ತವನ್ನು ಒಂದು ಊರಿಗಾಗಿ, ಹತ್ತಿಪ್ಪತ್ತು ವರ್ಷದ ನಂತರವೂ ಉಪಯೋಗಕ್ಕೆ ಬರುವ ಹಾಗೆ ಎಲ್ಲಿಡೋದು? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಮ್ಯುನಿಟಿ ಫೌಂಡೇಶನ್ ಎಂಬ ಏರ್ಪಾಡು. ಕಂಪನಿ ಕೆಲಸ ಬಿಟ್ಟು ಪತ್ರಕರ್ತನಾದ ಮೇಲೂ ಯಾವುದೇ ಯಂತ್ರ ಕಂಡರೆ ಬಿಚ್ಚಿ ನೋಡುವ ಚಟ ನನಗೆ ಹೋಗಿಲ್ಲ. ಇದನ್ನೂ ಬಿಚ್ಚಿ ನೋಡೋಣ.

ಮೊದಲು, ಇದು ಏನು?

ಒಂದು ಶ್ರೀಮಂತ ಕುಟುಂಬ ತನ್ನ ಹಣದಲ್ಲಿ ಕಟ್ಟಿದ್ದು ಖಾಸಗಿ ಫೌಂಡೇಶನ್. ಒಂದು ಕಂಪನಿ ತನ್ನ ಲಾಭದಲ್ಲಿ ಖರ್ಚು ಮಾಡೋದು ಸಿಎಸ್‌ಆರ್. ಶಾಲೆಯನ್ನೋ ವೃದ್ಧಾಶ್ರಮವನ್ನೋ ನೇರವಾಗಿ ನಡೆಸೋದು ಸೇವಾ ಸಂಸ್ಥೆ. ಕಮ್ಯುನಿಟಿ ಫೌಂಡೇಶನ್ ಈ ಮೂರೂ ಅಲ್ಲ.

ಇದು ಒಂದು ಊರು, ಜಿಲ್ಲೆ ಅಥವಾ ಪ್ರದೇಶಕ್ಕೆ ಸೇರಿದ ಹುಂಡಿ. ನೂರಾರು ಜನರ ಹಣ ಅಲ್ಲಿಗೆ ಬರುತ್ತೆ, ಪ್ರತಿಯೊಬ್ಬರ ಲೆಕ್ಕವೂ ಬೇರೆಯಾಗಿರುತ್ತೆ, ಹೂಡಿಕೆ ಮಾತ್ರ ಒಟ್ಟಿಗೆ. ಬಂದ ಆದಾಯವನ್ನು ಅದೇ ಪ್ರದೇಶದ ಸಂಸ್ಥೆಗಳಿಗೆ ಅನುದಾನವಾಗಿ ಹಂಚಲಾಗುತ್ತೆ. ಯಾರಿಗೆ ಎಷ್ಟು ಅಂತ ನಿರ್ಧರಿಸೋದು ಸ್ಥಳೀಯರ ಒಂದು ಸಮಿತಿ. ದಾನಿ ತೀರಿಕೊಂಡರೂ ಸಮಿತಿ ಇರುತ್ತೆ. ಅಲ್ಲಿ ಕೂರುವವರು ಬದಲಾಗುತ್ತಾ ಹೋಗುತ್ತಾರೆ.

ಈ ಕೊನೆಯ ಎರಡು ವಾಕ್ಯಗಳೇ ಇಡೀ ಯಂತ್ರದ ಎಂಜಿನ್. ಅದು ಯಾಕೆ ಬೇಕಾಯಿತು ಅಂತ ತಿಳಿಯಲು ಅಮೆರಿಕದ ಒಂದು ಊರಿಗೆ ಹೋಗಬೇಕು.

ಕ್ಲೀವ್‌ಲ್ಯಾಂಡ್, 1914

ಕರ್ನಾಟಕ ಸಂಗೀತ ಕೇಳುವವರಿಗೆ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಗೊತ್ತು, 1978ರಿಂದ ತ್ಯಾಗರಾಜ ಆರಾಧನೆ ನಡೆಯುವ ಊರು. ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಹುಟ್ಟಿದ್ದೂ ಅಲ್ಲೇ. ಅಲ್ಲಿನ ಕ್ಲೀವ್‌ಲ್ಯಾಂಡ್ ಟ್ರಸ್ಟ್ ಕಂಪನಿ ಎಂಬ ಬ್ಯಾಂಕಿನ ಅಧ್ಯಕ್ಷ ಫ್ರೆಡರಿಕ್ ಹ್ಯಾರಿಸ್ ಗಾಫ್. ಮೂಲತಃ ವಕೀಲ. ಸತ್ತವರು ಉಯಿಲಿನಲ್ಲಿ ಬಿಟ್ಟುಹೋದ ದಾನದ ಹಣವನ್ನು ನೋಡಿಕೊಳ್ಳುವುದು ಇಂಥ ಬ್ಯಾಂಕುಗಳ ಕಸುಬು.

ಆ ಹಣದಲ್ಲಿ ಎಷ್ಟೋ ಪಾಲು ನಿರುಪಯೋಗಿಯಾಗುತ್ತಿತ್ತು. ಪ್ರಸಿದ್ಧ ಉದಾಹರಣೆ ಸೇಂಟ್ ಲೂಯಿಸ್ ನಗರದ ಮಾಜಿ ಮೇಯರ್ ಬ್ರಯನ್ ಮುಲನ್ಫಿಯದು. 1851ರಲ್ಲಿ ಸತ್ತ ಆತ ತನ್ನ ಆಸ್ತಿಯ ಮೂರನೇ ಒಂದು ಭಾಗವನ್ನು, ಪಶ್ಚಿಮದಲ್ಲಿ ನೆಲೆಸಲು ಹೊರಟು ಸೇಂಟ್ ಲೂಯಿಸ್‌ಗೆ ಬಂದ ಬಡ ವಲಸಿಗರಿಗೆ ಮೀಸಲಿಟ್ಟ. ಆ ಕಾಲಕ್ಕೆ ಅದು ಸರಿಯಾದ ದಾನವೇ. ಆಮೇಲೆ ರೈಲು ಬಂತು, ಬಂಡಿಗಳ ಕಾಲ ಮುಗಿಯಿತು. ಹಣ ಉಳಿಯಿತು, ಅದನ್ನು ಪಡೆಯಬೇಕಾದವರು ಉಳಿಯಲಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಹಳೆಯ ಹೆಸರಿದೆ: ಸತ್ತವರ ಕೈ. ಹೋದವರ ಕೈ ಇದ್ದವರ ಹಣವನ್ನು ಬಿಗಿಯಾಗಿ ಹಿಡಿದುಕೊಂಡಿರೋದು.

ಗಾಫ್ 1914ರ ಜನವರಿ 2ರಂದು ಕ್ಲೀವ್‌ಲ್ಯಾಂಡ್ ಫೌಂಡೇಶನ್ ಸ್ಥಾಪಿಸಿದ. ಜಗತ್ತಿನ ಮೊದಲ ಕಮ್ಯುನಿಟಿ ಫೌಂಡೇಶನ್ ಅದು. ಅದರ ವಿನ್ಯಾಸ ಸರಳ. ಹಣ ಬ್ಯಾಂಕಿನಲ್ಲಿ ಶಾಶ್ವತವಾಗಿರುತ್ತೆ. ಖರ್ಚಿನ ತೀರ್ಮಾನ ಮಾತ್ರ ಐವರ ವಿತರಣಾ ಸಮಿತಿಯದು. ಇಬ್ಬರನ್ನು ಬ್ಯಾಂಕು ನೇಮಿಸುತ್ತೆ; ಇನ್ನು ಮೂವರನ್ನು ಊರಿನ ಮೇಯರ್, ಫೆಡರಲ್ ಜಿಲ್ಲಾ ನ್ಯಾಯಾಧೀಶ ಮತ್ತು ಉಯಿಲುಗಳನ್ನು ನೋಡುವ ಪ್ರೊಬೇಟ್ ನ್ಯಾಯಾಧೀಶ ತಲಾ ಒಬ್ಬರಂತೆ ಆರಿಸುತ್ತಾರೆ. ದಾನಿಯ ಉದ್ದೇಶ ಕಾಲಕ್ಕೆ ಹೊಂದದೆ ಹೋದರೆ ಅದನ್ನು ಬದಲಿಸುವ ಅಧಿಕಾರವೂ ವ್ಯವಸ್ಥೆಯೊಳಗೇ ಇತ್ತು. ಇವತ್ತಿಗೂ ಅಮೆರಿಕದ ಕಮ್ಯುನಿಟಿ ಫೌಂಡೇಶನ್‌ಗಳಿಗೆ ತೆರಿಗೆ ನಿಯಮಗಳು ಈ ಬದಲಾವಣೆಯ ಅಧಿಕಾರವನ್ನು ಕಡ್ಡಾಯ ಮಾಡಿವೆ.

ಗಾಫ್ ಸಂತನೇನಲ್ಲ. ಹಣವೆಲ್ಲ ಅವನದೇ ಬ್ಯಾಂಕಿನಲ್ಲಿರಬೇಕಿತ್ತು, ವ್ಯವಹಾರವೂ ಬೆಳೆಯುತ್ತಿತ್ತು. ಆದರೂ ಒಬ್ಬ ಬ್ಯಾಂಕರ್ ಹಂಚಿಕೆಯ ಬಹುಮತವನ್ನು ತನ್ನ ಕೈಯಿಂದ ಹೊರಗಿಟ್ಟ ಅನ್ನೋದು ಸಣ್ಣ ವಿಷಯವಲ್ಲ.

ಆರಂಭದಲ್ಲಿ ಹಂಚಲು ಹೆಚ್ಚು ಹಣ ಇರಲಿಲ್ಲ. ಹಾಗಾಗಿ ಅವರು ಊರಿನ ಸಮೀಕ್ಷೆ ಮಾಡಿಸಿದರು. 1915-16ರಲ್ಲಿ ಸರ್ಕಾರಿ ಶಾಲೆಗಳ ಸಮೀಕ್ಷೆ ನಡೆಯಿತು. 1920ರ ದಶಕದ ಆರಂಭದಲ್ಲಿ ಪೊಲೀಸ್ ಮತ್ತು ಕೋರ್ಟುಗಳ ಕಾರ್ಯವೈಖರಿಯ ಸಮೀಕ್ಷೆ. ಅದರ ನೇತೃತ್ವ ಹಾರ್ವರ್ಡ್‌ನ ರಾಸ್ಕೋ ಪೌಂಡ್ ಮತ್ತು ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರದು. ದುಡ್ಡು ಕೊಡೋಕೆ ಮೊದಲು ಊರಿಗೆ ಏನಾಗಿದೆ ಅಂತ ತಿಳಿದುಕೊಳ್ಳುವ ಈ ಅಭ್ಯಾಸ ನನಗೆ ಅನುದಾನಕ್ಕಿಂತ ಮುಖ್ಯ ಅನ್ನಿಸುತ್ತೆ.

ದಾನಿಗೆ ಇದರಿಂದ ಏನು?

ನಮ್ಮ ಬ್ಯಾಚಿನಂಥ ಗುಂಪು ಅಮೆರಿಕದ ಯಾವುದೋ ಊರಲ್ಲಿದ್ದಿದ್ದರೆ ಹೊಸ ಟ್ರಸ್ಟ್ ನೋಂದಾಯಿಸುವ, ಆಡಿಟ್ ಮಾಡಿಸುವ, ವರ್ಷವರ್ಷ ರಿಟರ್ನ್ ಹಾಕುವ ತಾಪತ್ರಯ ಇರುತ್ತಿರಲಿಲ್ಲ. ಕಮ್ಯುನಿಟಿ ಫೌಂಡೇಶನ್ನಿನಲ್ಲಿ ಗೆಳೆಯನ ಹೆಸರಿನ ಒಂದು ನಿಧಿ ತೆರೆದರೆ ಸಾಕಿತ್ತು. ನಿಧಿಗಳಲ್ಲಿ ಸಾಮಾನ್ಯವಾಗಿ ಈ ಬಗೆಗಳಿರುತ್ತವೆ:

- ಷರತ್ತಿಲ್ಲದ ನಿಧಿ: ಊರಿಗೆ ಯಾವುದು ಮುಖ್ಯ ಅಂತ ಸಮಿತಿಯೇ ನಿರ್ಧರಿಸುತ್ತೆ.
- ವಿಷಯದ ನಿಧಿ: ಶಿಕ್ಷಣ, ಕೆರೆ, ಅಂಗವಿಕಲರ ಸೇವೆ ಹೀಗೆ ಕ್ಷೇತ್ರವನ್ನು ದಾನಿ ಹೇಳುತ್ತಾರೆ, ಸಂಸ್ಥೆಯನ್ನು ಸಮಿತಿ ಆರಿಸುತ್ತೆ.
- ಗೊತ್ತುಪಡಿಸಿದ ನಿಧಿ: ಇಂಥದೇ ಸಂಸ್ಥೆಗೆ ಪ್ರತಿವರ್ಷ ಹೋಗಬೇಕು.
- ವಿದ್ಯಾರ್ಥಿವೇತನ ನಿಧಿ.
- ದಾನಿಯ ಸಲಹೆಯ ನಿಧಿ: ಹಣ ಈಗಲೇ ಕೊಟ್ಟು, ಯಾರಿಗೆ ಹೋಗಬೇಕೆಂದು ದಾನಿ ಆಗಾಗ ಸಲಹೆ ಕೊಡುತ್ತಿರಬಹುದು.

ಕೊಟ್ಟ ಹಣಕ್ಕೆ ತೆರಿಗೆ ರಸೀದಿ, ಹೂಡಿಕೆಯ ನಿರ್ವಹಣೆ, ಪಡೆಯುವ ಸಂಸ್ಥೆ ಅಸಲಿಯೋ ನಕಲಿಯೋ ಎಂಬ ತಪಾಸಣೆ, ಎಲ್ಲವನ್ನೂ ಫೌಂಡೇಶನ್ ಮಾಡುತ್ತೆ. ಇದಕ್ಕೆ ನಿಧಿಯ ಮೇಲೆ ಶುಲ್ಕ ಇರುತ್ತೆ, ಸಾಮಾನ್ಯವಾಗಿ ವರ್ಷಕ್ಕೆ ಶೇ. 1ರ ಆಸುಪಾಸು. ಷೇರು, ಜಮೀನನ್ನೂ ಅನೇಕ ಕಡೆ ಸ್ವೀಕರಿಸುತ್ತಾರೆ.

ಇನ್ನು ಗಣಿತ. 4,12,000 ರೂಪಾಯಿಗೆ ಶೇ. 7 ಬಡ್ಡಿ ಅಂದುಕೊಳ್ಳಿ. ವರ್ಷಕ್ಕೆ 28,840 ರೂಪಾಯಿ. ಅಷ್ಟನ್ನೂ ಖರ್ಚು ಮಾಡಿದರೆ ಅಸಲು ಅಷ್ಟೇ ಇರುತ್ತೆ, ಬೆಲೆಗಳು ಮಾತ್ರ ಏರುತ್ತವೆ. ಇಪ್ಪತ್ತು ವರ್ಷದ ನಂತರ ಆ ಬಡ್ಡಿಗೆ ಏನೂ ಬರಲ್ಲ. ಅದಕ್ಕೇ ಇಂಥ ಫೌಂಡೇಶನ್‌ಗಳು ವರ್ಷಕ್ಕೆ ನಿಧಿಯ ಶೇ. 4ರಿಂದ 5ರಷ್ಟನ್ನೇ ಖರ್ಚು ಮಾಡಿ, ಉಳಿದ ಆದಾಯವನ್ನು ಅಸಲಿಗೆ ಸೇರಿಸುತ್ತವೆ. ನಮ್ಮ ಲೆಕ್ಕದಲ್ಲಿ ಅದು 16,480ರಿಂದ 20,600 ರೂಪಾಯಿ. ಕಡಿಮೆಯೇ. ಆದರೆ ಅಂಥ ಇನ್ನೂರು ನಿಧಿಗಳು ಒಂದೇ ಕಡೆ ಇದ್ದರೆ ಒಂದು ತಾಲೂಕಿನ ಮಟ್ಟಿಗೆ ಅದು ದೊಡ್ಡ ಹಣ.

ಸ್ಥಳೀಯ ಸಂಸ್ಥೆಗಳಿಗೆ ಏನು?

ಹಳ್ಳಿಯಲ್ಲಿ ಸಂಸ್ಥೆ ನಡೆಸುವ ಯಾರನ್ನೇ ಕೇಳಿ, ಒಂದೇ ಗೋಳು: "ಪ್ರಾಜೆಕ್ಟಿಗೆ ಕೊಡ್ತಾರೆ, ಸಂಬಳಕ್ಕೆ ಕೊಡಲ್ಲ." ಮಕ್ಕಳಿಗೆ ಬ್ಯಾಗು ಕೊಡಲು, ಬ್ಯಾಗಿನ ಮೇಲೆ ಲೋಗೋ ಹಾಕಲು ದಾನಿಗಳು ಸಿಗುತ್ತಾರೆ. ಲೆಕ್ಕ ಬರೆಯುವವರ ಸಂಬಳಕ್ಕೆ, ಕಟ್ಟಡದ ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಸಿಗಲ್ಲ. ಊರಲ್ಲೇ ಇರುವ ಫೌಂಡೇಶನ್‌ಗೆ ಮಾತ್ರ ಈ ಖರ್ಚಿನ ಬೆಲೆ ಗೊತ್ತಿರಲು ಸಾಧ್ಯ. ಒಳ್ಳೆಯ ಕಮ್ಯುನಿಟಿ ಫೌಂಡೇಶನ್‌ಗಳು ನಿರ್ವಹಣಾ ವೆಚ್ಚಕ್ಕೆ ಅನುದಾನ ಕೊಡುತ್ತವೆ, ಲೆಕ್ಕಪತ್ರ ಮತ್ತು ಅರ್ಜಿ ಬರೆಯುವ ತರಬೇತಿ ಕೊಡುತ್ತವೆ, ಪ್ರವಾಹದಂಥ ಹೊತ್ತಿನಲ್ಲಿ ಬೇಗ ಹಣ ಬಿಡುಗಡೆ ಮಾಡುತ್ತವೆ. ಸಂಸ್ಥೆಗಳು ತಮ್ಮದೇ ಉಳಿತಾಯವನ್ನು ಅಲ್ಲಿ ಇಟ್ಟು ಬೆಳೆಸಲೂಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ಪರಸ್ಪರ ಮಾತಾಡದವರನ್ನು ಒಂದೇ ಮೇಜಿಗೆ ಕರೆಸುತ್ತವೆ. ಕ್ಲೀವ್‌ಲ್ಯಾಂಡ್‌ನಲ್ಲಿ ಒಂದು ವಿಚಿತ್ರ ಇತ್ತು. ಜಗತ್ಪ್ರಸಿದ್ಧ ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಯೂನಿವರ್ಸಿಟಿ ಹಾಸ್ಪಿಟಲ್ಸ್, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಒಂದೇ ಕಡೆ ಇದ್ದವು. ಅವುಗಳ ಸುತ್ತ ಬಹುಪಾಲು ಕಪ್ಪು ಜನರ ಬಡ ಬಡಾವಣೆಗಳು. ಆಸ್ಪತ್ರೆಗಳು ಕೋಟ್ಯಂತರ ಡಾಲರ್ ಖರೀದಿ ಮಾಡುತ್ತಿದ್ದವು, ಪಕ್ಕದ ಬೀದಿಗೆ ಅದರಲ್ಲಿ ಏನೂ ಸಿಗುತ್ತಿರಲಿಲ್ಲ. ಕ್ಲೀವ್‌ಲ್ಯಾಂಡ್ ಫೌಂಡೇಶನ್ ಈ ಸಂಸ್ಥೆಗಳನ್ನೂ ನಗರಾಡಳಿತವನ್ನೂ ಕೂರಿಸಿ 2008ರಲ್ಲಿ ಎವರ್‌ಗ್ರೀನ್ ಸಹಕಾರಿ ಸಂಘಗಳ ಯೋಜನೆಗೆ ಕೈಹಾಕಿತು. 2009ರಲ್ಲಿ ಲಾಂಡ್ರಿ ಶುರುವಾಯಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಮಿಕರೇ ಅದರ ಮಾಲೀಕರು. ಮೊದಲು ಅಂದುಕೊಂಡಷ್ಟು ವೇಗವಾಗಿ ಅದು ಬೆಳೆಯಲಿಲ್ಲ. ಆದರೆ 2018ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತನ್ನ ಲಾಂಡ್ರಿಯ ನಿರ್ವಹಣೆಯನ್ನು ಅದಕ್ಕೇ ವಹಿಸಿತು.

ಬ್ಯಾಗ್ ಹಂಚುವ ದಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಪ್ರಶ್ನೆ "ಬಡವರಿಗೆ ಏನು ಕೊಡೋಣ" ಅಂತಲ್ಲ, "ಈ ಊರಿನ ಹಣ ಯಾವ ದಾರಿಯಲ್ಲಿ ಹೊರಗೆ ಹೋಗ್ತಿದೆ" ಅಂತ.

ಹದಿನೈದು ಡಾಲರ್ ಮತ್ತು ಪಾರ್ಕಿಂಗ್ ಲಾಟ್

ಈ ಮಾದರಿಯ ಅತ್ಯುತ್ತಮ ಕತೆ ಕೆನಡಾದ್ದು. 1921ರಲ್ಲಿ ವಿಲಿಯಂ ಆಲೋವೇ ಎಂಬ ಬ್ಯಾಂಕರ್ ಒಂದು ಲಕ್ಷ ಡಾಲರ್ ಕೊಟ್ಟು ವಿನಿಪೆಗ್ ಫೌಂಡೇಶನ್ ಶುರುಮಾಡಿದ. 1924ರಲ್ಲಿ ಎರಡನೇ ದೇಣಿಗೆ ಬಂತು. ಒಂದು ಲಕೋಟೆ, ಒಳಗೆ ಐದು ಡಾಲರಿನ ಮೂರು ಚಿನ್ನದ ನಾಣ್ಯ, ಕೊಟ್ಟವರ ಹೆಸರಿಲ್ಲ. 'ವಿಧವೆಯ ಕಾಣಿಕೆ' ಅಂತ ಅದನ್ನು ಕರೆದರು. ಲಕ್ಷ ಡಾಲರಿನ ಪಕ್ಕದಲ್ಲೇ ಆ ಹದಿನೈದು ಡಾಲರನ್ನೂ ಆ ಸಂಸ್ಥೆ ಇವತ್ತಿಗೂ ನೆನೆಯುತ್ತೆ.

ಇದೇ ಮಾದರಿಯ ಇನ್ನೊಂದು ಮುಖ ಸಿಲಿಕಾನ್ ವ್ಯಾಲಿಯಲ್ಲಿದೆ. ಅಲ್ಲಿನ ಕಮ್ಯುನಿಟಿ ಫೌಂಡೇಶನ್‌ಗೆ ಮಾರ್ಕ್ ಜುಕರ್‌ಬರ್ಗ್ 2012ರಲ್ಲಿ ಸುಮಾರು 50 ಕೋಟಿ ಡಾಲರ್, 2013ರಲ್ಲಿ ಸುಮಾರು 99 ಕೋಟಿ ಡಾಲರ್ ಮೌಲ್ಯದ ಫೇಸ್‌ಬುಕ್ ಷೇರು ಕೊಟ್ಟರು. ಇಂಥ ದೊಡ್ಡ ಹಣ ಹೆಚ್ಚಾಗಿ ಬರೋದು ದಾನಿಯ ಸಲಹೆಯ ನಿಧಿಗಳಿಗೆ. ಅಮೆರಿಕದ ಖಾಸಗಿ ಫೌಂಡೇಶನ್‌ಗಳು ವರ್ಷಕ್ಕೆ ಆಸ್ತಿಯ ಸುಮಾರು ಶೇ. 5ರಷ್ಟನ್ನು ವಿನಿಯೋಗಿಸಲೇಬೇಕು. ದಾನಿಯ ಸಲಹೆಯ ನಿಧಿಗೆ ಅಂಥ ಕಡ್ಡಾಯವಿಲ್ಲ. ತೆರಿಗೆ ವಿನಾಯಿತಿ ಕೊಟ್ಟ ವರ್ಷವೇ ಸಿಗುತ್ತೆ, ಹಣ ಊರಿಗೆ ಯಾವಾಗ ಹೋಗುತ್ತೆ ಅನ್ನೋದು ದಾನಿಯ ಮನಸ್ಸು. ಯಾವ ದಾನಿ ಯಾರಿಗೆ ಕೊಟ್ಟರು ಅಂತ ಸಾರ್ವಜನಿಕರಿಗೆ ಗೊತ್ತಾಗಬೇಕೆಂದೇನೂ ಇಲ್ಲ.

ಅಂದರೆ ಸಮಿತಿಗೆ ಬಿಟ್ಟುಕೊಡಬೇಕಿದ್ದ ತೀರ್ಮಾನ ಮತ್ತೆ ದಾನಿಯ ಕೈಗೇ ಬಂತು. ಸತ್ತವರ ಕೈ ಬಿಡಿಸಿ ಶ್ರೀಮಂತರ ಕೈಗೆ ಕೊಟ್ಟ ಹಾಗೆ. ಬೋರ್ಡಿನ ಮೇಲೆ 'ಕಮ್ಯುನಿಟಿ' ಅಂತ ಬರೆದ ಮಾತ್ರಕ್ಕೆ ಊರಿನದ್ದಾಗಲ್ಲ. ಕೊನೆಯ ಮಾತು ಯಾರದ್ದು ಅನ್ನೋದೇ ಒರೆಗಲ್ಲು.

ನಮ್ಮಲ್ಲಿ ಇದರ ಬೀಜ ಇದೆ

ಇದು ನಮಗೆ ಅಷ್ಟೇನೂ ಹೊಸದಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ (1890) ಇರಲಿ, ಕ್ಲೀವ್‌ಲ್ಯಾಂಡ್ ಫೌಂಡೇಶನ್ನಿನ ಮರುವರ್ಷವೇ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು (1915) ಇರಲಿ, ಎರಡರಲ್ಲೂ ದತ್ತಿನಿಧಿಗಳಿವೆ. ಮಗನ ಹೆಸರಿನಲ್ಲಿ, ಗುರುಗಳ ಹೆಸರಿನಲ್ಲಿ ಒಂದು ಮೊತ್ತ ಇಡುತ್ತಾರೆ, ಬಡ್ಡಿಯಲ್ಲಿ ಪ್ರತಿವರ್ಷ ಉಪನ್ಯಾಸ ಅಥವಾ ಪ್ರಶಸ್ತಿ. ಒಂದು ಸಂಸ್ಥೆಯೊಳಗೆ ನೂರಾರು ಹೆಸರಿನ ನಿಧಿಗಳು. ಯಂತ್ರದ ಅರ್ಧ ಭಾಗ ನಮ್ಮಲ್ಲೇ ಇದೆ.

ಇಲ್ಲದಿರುವುದು ಇನ್ನರ್ಧ. ದತ್ತಿಯ ಹಣ ಆ ಸಂಸ್ಥೆಯ ಕೆಲಸಕ್ಕೇ ಹೋಗುತ್ತೆ, ಊರಿನ ಬೇರೆ ಸಂಸ್ಥೆಗಳಿಗಲ್ಲ. ಉದ್ದೇಶ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತಿರುತ್ತೆ. ದಶಕಗಳ ಹಿಂದೆ ಚಿನ್ನದ ಪದಕಕ್ಕೆಂದು ಇಟ್ಟ ಕೆಲವು ಸಾವಿರದ ಬಡ್ಡಿಯಲ್ಲಿ ಇವತ್ತು ಗುಲಗಂಜಿಯಷ್ಟು ಚಿನ್ನ ಬಂದರೆ ದೊಡ್ಡದು. ಸಾರ್ವಜನಿಕ ಟ್ರಸ್ಟ್‌ನ ಉದ್ದೇಶ ಬದಲಿಸಬೇಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಅಡಿಯಲ್ಲಿ ಕೋರ್ಟಿಗೆ ಹೋಗುವ ದಾರಿಯಿದೆ. ನಾಲ್ಕು ಲಕ್ಷದ ನಿಧಿಗೆ ಯಾರು ಹೋಗುತ್ತಾರೆ?

ಸಹಕಾರದ ಇತಿಹಾಸವೂ ನಮಗಿದೆ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರಿನವರ ಹಣವನ್ನು ಊರಿನವರೇ ಒಟ್ಟುಹಾಕಿ ಊರಿಗೇ ಬಳಸುವುದನ್ನು ನಮಗೆ ಅಮೆರಿಕ ಹೇಳಿಕೊಡಬೇಕಿಲ್ಲ. ದಾನದ ಹಣಕ್ಕೆ ಆ ಶಿಸ್ತನ್ನು ನಾವು ತರಲಿಲ್ಲ, ಅಷ್ಟೇ.

ಕಾನೂನು ಎಲ್ಲಿ ಅಡ್ಡ ಬರುತ್ತೆ?

ಅಮೆರಿಕದಲ್ಲಿ ಇಂಥ ಸಂಸ್ಥೆಗಳು ನೂರಾರಿವೆ. ಭಾರತದಲ್ಲಿ 1990ರ ದಶಕದ ಆರಂಭದಲ್ಲೇ ಮುಂಬೈನಲ್ಲಿ ಬಾಂಬೆ ಕಮ್ಯುನಿಟಿ ಪಬ್ಲಿಕ್ ಟ್ರಸ್ಟ್ ಎಂಬ ಪ್ರಯತ್ನ ಶುರುವಾದರೂ ಮಾದರಿ ಹರಡಲಿಲ್ಲ. ಈಚಿನ ಕಾನೂನುಗಳಂತೂ ಹಣ ಒಟ್ಟುಗೂಡಿಸಿ ಹಂಚುವ ಕೆಲಸಕ್ಕೇ ವಿರುದ್ಧವಾಗಿವೆ.

ಒಂದು, ಎಫ್‌ಸಿಆರ್‌ಎ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ದೊಡ್ಡ ಸಂಸ್ಥೆ ಹಣ ತಂದು ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಹಂಚುವ ದಾರಿ ಅಲ್ಲಿಗೆ ಮುಚ್ಚಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ನಮಗೂ ಇದರ ಬಿಸಿ ತಟ್ಟಿತು. ಡಾಲಸ್‌ನಲ್ಲಿರುವ ಇಬ್ಬರು ಗೆಳೆಯರಲ್ಲಿ ಒಬ್ಬನದ್ದು ಭಾರತದ ಪಾಸ್‌ಪೋರ್ಟ್, ಅವನ ದೇಣಿಗೆಗೆ ತೊಂದರೆಯಿಲ್ಲ. ಇನ್ನೊಬ್ಬ ಅಮೆರಿಕದ ಪೌರತ್ವ ತಗೊಂಡಿದ್ದ, ಅವನ ಹಣ ವಿದೇಶಿ ದೇಣಿಗೆ. ಸತ್ತವನ ರೂಮ್‌ಮೇಟ್ ಅವನೇ. ಅವನ ಹಣ ವಾಪಸ್ ಕಳಿಸಿದೆವು.

ಎರಡು, ಆದಾಯ ತೆರಿಗೆ. 2023ರ ಹಣಕಾಸು ಕಾಯ್ದೆಯ ಪ್ರಕಾರ ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ ಕೊಟ್ಟ ಹಣದಲ್ಲಿ ಶೇ. 85ನ್ನು ಮಾತ್ರ ಸೇವಾ ವೆಚ್ಚವೆಂದು ಲೆಕ್ಕ ಹಿಡಿಯುತ್ತಾರೆ. ನೇರವಾಗಿ ಖರ್ಚು ಮಾಡುವವರಿಗೆ ಇಲ್ಲದ ಕಡಿತ ಹಂಚುವವರಿಗಿದೆ.

ಮೂರು, ನಾವೆಲ್ಲ 80ಜಿ ಅಂತ ಕರೆಯುವ ವಿನಾಯಿತಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರಿಗೆ ಅದು ಇಲ್ಲ. ಸಣ್ಣ ದಾನಿಗೆ ಇದ್ದ ಸಣ್ಣ ಪ್ರೋತ್ಸಾಹವೂ ಹೋಯಿತು.

ನಾಲ್ಕು, ಸಿಎಸ್‌ಆರ್. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಖರ್ಚು ಮಾಡಲು ಹೇಳುತ್ತೆ, ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೂ ಹೇಳುತ್ತೆ. ಕಂಪನಿಯೇ ಇಲ್ಲದ ತಾಲೂಕು ಏನು ಮಾಡಬೇಕು? ಅದು ಕೈಚಾಚಬೇಕಾದ್ದು ತನ್ನದೇ ಜನರ ಕಡೆಗೆ, ಅಂದರೆ ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮಂಥವರ ಕಡೆಗೆ.

ಸರ್ಕಾರದ ಆತಂಕ ಪೂರ್ತಿ ಸುಳ್ಳಲ್ಲ. ಒಂದು ಟ್ರಸ್ಟಿನಿಂದ ಇನ್ನೊಂದಕ್ಕೆ ಹಣ ಸುತ್ತಿಸಿ ಕಳ್ಳಲೆಕ್ಕ ಬರೆಯುವವರು ಇದ್ದಾರೆ. ಆದರೆ ಅದಕ್ಕೆ ಮದ್ದು ಬಹಿರಂಗ ಲೆಕ್ಕಪತ್ರ. ಹಂಚುವುದನ್ನೇ ಶಿಕ್ಷಿಸಿದರೆ ಉಳಿಯೋದು ಇಂಗ್ಲಿಷ್‌ನಲ್ಲಿ ವರದಿ ಬರೆಯಬಲ್ಲ ದೊಡ್ಡ ಸಂಸ್ಥೆಗಳು ಮಾತ್ರ.

ನಿಮ್ಮೂರಲ್ಲಿ ಯಾರಾದರೂ ಇಂಥದ್ದು ಶುರುಮಾಡಿದರೆ ಕೇಳಿ

1. ಸಮಿತಿಯಲ್ಲಿ ಯಾರಿದ್ದಾರೆ? ದಾನಿಗಳಷ್ಟೇ ಇದ್ದಾರಾ, ಹಣ ಪಡೆಯುವ ಕಡೆಯವರೂ ಇದ್ದಾರಾ? ಯಾವ ಜಾತಿ, ಯಾವ ಕೇರಿಯಿಂದ ಯಾರೂ ಇಲ್ಲ?
2. ಅವರನ್ನು ಯಾರು ಆರಿಸಿದರು, ಎಷ್ಟು ವರ್ಷಕ್ಕೆ?
3. ಉದ್ದೇಶ ಬದಲಿಸುವ ಅಧಿಕಾರ ಯಾರಿಗಿದೆ, ಅದಕ್ಕೆ ಲಿಖಿತ ನಿಯಮ ಇದೆಯಾ?
4. ಶುಲ್ಕ ಎಷ್ಟು, ವರ್ಷಕ್ಕೆ ಹಂಚಿದ್ದೆಷ್ಟು, ಸುಮ್ಮನೆ ಕೂತಿರೋದೆಷ್ಟು?
5. ಯಾರಿಗೆ ಎಷ್ಟು ಕೊಟ್ಟರು ಅನ್ನುವ ಪಟ್ಟಿ ಕನ್ನಡದಲ್ಲಿ, ಊರಿನವರ ಕಣ್ಣಿಗೆ ಬೀಳುವ ಕಡೆ ಇದೆಯಾ?

ದಾನ ಸರ್ಕಾರದ ಕೆಲಸಕ್ಕೆ ಬದಲಿಯಲ್ಲ ಅನ್ನೋದನ್ನೂ ಮರೆಯಬಾರದು. ಶಕ್ತಿ ಯೋಜನೆ ಒಂದೇ ದಿನದಲ್ಲಿ ಮಾಡಿದ್ದನ್ನು ನಮ್ಮ ನಾಲ್ಕು ಲಕ್ಷ ನೂರು ವರ್ಷದಲ್ಲೂ ಮಾಡುತ್ತಿರಲಿಲ್ಲ. ಯೋಜನೆ ತಲುಪದ ಸಂದುಗಳಲ್ಲಿ, ಯೋಜನೆಗಿಂತ ಮುಂಚೆ ಹೋಗುವ ಪ್ರಯೋಗಗಳಲ್ಲಿ ಸಣ್ಣ ಹಣಕ್ಕೆ ಕೆಲಸವಿದೆ.

ನಾವು ಕೊನೆಗೆ ಮಾಡಿದ್ದು

ಹೊಸ ಟ್ರಸ್ಟ್ ಕಟ್ಟಲಿಲ್ಲ. ಆ ಭಾಗದಲ್ಲೇ ಗ್ರಂಥಾಲಯ ನಡೆಸುವ, ನೋಂದಣಿಯಿರುವ ಒಂದು ಸಣ್ಣ ಸಂಸ್ಥೆಗೆ ಹಣವನ್ನು ಪ್ರತ್ಯೇಕ ನಿಧಿಯಾಗಿ ಕೊಟ್ಟೆವು. ಪತ್ರದಲ್ಲಿ ಉದ್ದೇಶವನ್ನು ಬೇಕೆಂದೇ ಅಗಲವಾಗಿ ಬರೆದೆವು: ಈ ಹಳ್ಳಿಗಳ ಮಕ್ಕಳು ಹತ್ತನೇ ಕ್ಲಾಸಿನ ನಂತರವೂ ಓದಲು ಬೇಕಾದದ್ದು. ಏನು ಬೇಕಾದದ್ದು ಅಂತ ಪ್ರತಿವರ್ಷ ಮೂವರು ಕೂತು ನಿರ್ಧರಿಸುತ್ತಾರೆ: ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಆಶಾ ಕಾರ್ಯಕರ್ತೆ, ಗೆಳೆಯನ ಅಮ್ಮ. ನಾವು ದಾನಿಗಳು ಯಾರೂ ಸಮಿತಿಯಲ್ಲಿಲ್ಲ. ಇದಕ್ಕೆ ಗ್ರೂಪಿನಲ್ಲಿ ದೊಡ್ಡ ಜಗಳವೇ ಆಯಿತು, ಇಬ್ಬರು ಎಕ್ಸಿಟ್ ಆದರು.

ಮೊದಲ ವರ್ಷ ಸಮಿತಿ ಕೊಡಿಸಿದ್ದು ಗ್ರಂಥಾಲಯದ ಬಾಗಿಲ ಹೊರಗೆ ಒಂದು ಸೋಲಾರ್ ದೀಪ, ಒಳಗೆ ನಾಲ್ಕು ಕುರ್ಚಿ. ಸಂಜೆ ಏಳರ ನಂತರ ಹುಡುಗಿಯರು ಅಲ್ಲಿಗೆ ಬರಲು ಹೆದರುತ್ತಿದ್ದರಂತೆ. ಇದು ನಮ್ಮ ಸ್ಪ್ರೆಡ್‌ಶೀಟಿನಲ್ಲಿ ಎಲ್ಲೂ ಇರಲಿಲ್ಲ. ಮುಂದಿನ ವರ್ಷ ಏನು ಅಂತ ನಾನು ಅಮ್ಮನನ್ನು ಫೋನಿನಲ್ಲಿ ಕೇಳಿದೆ. "ಇನ್ನೂ ಮೀಟಿಂಗ್ ಆಗಿಲ್ಲ ಕಣಪ್ಪ, ಆದ್ಮೇಲೆ ಹೇಳ್ತೀನಿ" ಅಂದರು.